ಚುಕ್ಕಿ ಇಟ್ಟ ಸಾಲು

ಲಿಫ್ಟ್ ರಿಪೇರಿಯವನು ತನ್ನ ಅಪ್ಪನ ಮನೆಗೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿಕೊಂಡೇ ಬಂದ. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವನ ಹಣೆಬರಹ ನೋಡಿ, ಹೆತ್ತವರ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಬೆಳಗಿನಿಂದ ಆಸ್ಪತ್ರೆಯೊಂದರ ಲಿಫ್ಟಿನ ತಳದ ಗುಂಡಿಯಲ್ಲಿ ಕೂತು ಸೊಂಟ ಬಿದ್ದುಹೋಗಿತ್ತು. ಕೈಯಲ್ಲಿ ಗ್ರೀಸ್ ವಾಸನೆ, ಕಂಕುಳಲ್ಲಿ ಪ್ರೂಫಿನ ಕಟ್ಟು.

ಅಪ್ಪ ಕಾದಂಬರಿಕಾರ, ಅಮ್ಮ ಕವಯಿತ್ರಿ. ಅಪ್ಪನ ಎರಡು ಕಾದಂಬರಿಗಳ ನಡುವೆ ಹುಟ್ಟಿದ ಮಗನಿಗೆ ‘ಅಲ್ಪವಿರಾಮ’ ಎಂದು ಅಡ್ಡಹೆಸರಿಟ್ಟು ಇಬ್ಬರೂ ನಕ್ಕಿದ್ದರಂತೆ. ಕರೆಯುವಾಗ ಅಷ್ಟುದ್ದ ಯಾರಿಗೆ ಬೇಕು? ಅದು ‘ಅಲ್ಪ’ ಆಯಿತು. ಈಗ ತಲೆ ನರೆತರೂ ಅಲ್ಪನೇ. ಪ್ರೀತಿಯಿಂದಲೇ ಕರೆಯುತ್ತಾರೆ, ತಮಾಷೆ ಅದೇ.

ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಗ ಅವನು ಬರೆದ ಪತ್ರಗಳು ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು, ಉತ್ತರದ ಜೊತೆಗೇ ವಾಪಸ್ ಬರುತ್ತಿದ್ದವು. ‘ಸುಸ್ತು’ ಎಂದು ಬರೆದರೆ ಅಪ್ಪ ಅದನ್ನು ಹೊಡೆದುಹಾಕಿ ಮೇಲೆ ‘ದಣಿವು’ ಎಂದು ಬರೆಯುತ್ತಿದ್ದರು. ಹೊಡೆದುಹಾಕಿದ್ದು ಉಳಿಯಲಿ ಅನ್ನಿಸಿದರೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಡುವುದು ಪ್ರೂಫ್ ತಿದ್ದುವವರ ಪದ್ಧತಿ. ಚುಕ್ಕಿ ಎಂದರೆ ‘ಇರಲಿ’. ಅಲ್ಪನ ಯಾವ ಮಾತಿಗೂ ಚುಕ್ಕಿಯ ಯೋಗ ಬಂದಿರಲಿಲ್ಲ.

ಈಗ ಆ ಪತ್ರಗಳು ಅಪ್ಪನ ಉತ್ತರಗಳ ಜೊತೆ ಪುಸ್ತಕವಾಗುತ್ತಿವೆ. ಪ್ರಕಾಶಕ ಕೇಳಿದಾಗ ಅಲ್ಪನ ಹೆಂಡತಿ ಕಟ್ಟನ್ನು ಅಟ್ಟದಿಂದ ಇಳಿಸಿಕೊಟ್ಟು, ಪೀಡೆ ತೊಲಗಿತು ಎಂದಿದ್ದಳು. ಪ್ರಕಾಶಕ ಅಲ್ಪ ಬರೆದದ್ದನ್ನು ಬರೆದ ಹಾಗೇ ಅಚ್ಚಿಗೆ ಜೋಡಿಸಿದ್ದ. ಅಪ್ಪ ಸುಮ್ಮನಿರುತ್ತಾರೆಯೇ? ಪ್ರೂಫಿನ ತುಂಬ ಮತ್ತೆ ಕೆಂಪು. ಮಿಕ್ಕದ್ದನ್ನೆಲ್ಲ ಅಲ್ಪ ನುಂಗಿಕೊಂಡ. ಒಂದು ಸಾಲನ್ನು ಮಾತ್ರ ನುಂಗಲಾಗಲಿಲ್ಲ.

“ಇದನ್ನ ಯಾಕಪ್ಪ ಹೊಡೆದುಹಾಕಿದ್ದು?” ಎಂದ. ಸೋಫಾದ ಮೇಲೆಲ್ಲ ಪುಸ್ತಕ, ನಿಂತೇ ಕೇಳಿದ.

ಮಗಳು ಹುಟ್ಟಿದ ವಾರಕ್ಕೇ ಆಸ್ಪತ್ರೆ ಸೇರಿ, ಹೆಂಡತಿಯೂ ಹಾಸಿಗೆ ಹಿಡಿದಾಗ ಬರೆದ ಪತ್ರ ಅದು. ಎರಡೇ ಸಾಲು. ಸುಸ್ತಾಗಿದೆ ಅಪ್ಪ. ಅಮ್ಮನ್ನ ಕಳಿಸಿ.

“ಆಗ ‘ಅಮ್ಮನ್ನ’ ಅಂತ ಬರೆದಿದ್ದಕ್ಕೆ ‘ಅಮ್ಮನನ್ನು’ ಅಂತ ತಿದ್ದಿ ಕಳಿಸಿದ್ರಿ. ಜೊತೆಗೆ ದಣಿವಿನ ಬಗ್ಗೆ ಆರು ಪುಟ. ಈಗ ಆ ಸಾಲೇ ಬೇಡ್ವಾ?”

ಅಪ್ಪ ಕನ್ನಡಕ ಒರೆಸಿಕೊಂಡರು. “ಅದಿದ್ರೆ ಓದುಗ ಕೇಳ್ತಾನಲ್ಲೋ, ಅಮ್ಮ ಯಾಕೆ ಹೋಗಲಿಲ್ಲ ಅಂತ.”

“ಓದುಗನ ಮನೆ ಹಾಳಾಗ! ನಾನು ಕೇಳ್ತಿದೀನಿ.”

ಇಷ್ಟು ವರ್ಷ ಕೇಳಿರಲಿಲ್ಲ. ಅಮ್ಮನಿಗೆ ಮನಸ್ಸಿರಲಿಲ್ಲ ಎಂಬ ಉತ್ತರ ಬಂದರೆ ತಡೆದುಕೊಳ್ಳಲು ಇವತ್ತು ಮೈಯಲ್ಲಿ ತ್ರಾಣವಿಲ್ಲ.

ಅಮ್ಮ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು. “ಒಳ್ಳೇ ವಾಕ್ಯ ಅಂದ್ಕೊಂಡ್ವಿ ಕಣೋ. ಚಿಕ್ಕದಾಗಿ, ಚೊಕ್ಕವಾಗಿ. ಇವನಿಗೂ ಬರೆಯೋಕೆ ಬರುತ್ತೆ ಅಂತ ನಿಮ್ಮಪ್ಪನಿಗೆ ಎರಡು ಸಲ ಓದಿ ಹೇಳ್ದೆ. ನೀನು ಕರೀತಿದ್ದೀಯ ಅಂತ... ಅಯ್ಯೋ, ಹೊಳೀಲೇ ಇಲ್ಲ.”

ಏನನ್ನಬೇಕು ಇಂಥವರಿಗೆ? ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅಲ್ಪ ಬಾಗಿಲಿಗೆ ಒರಗಿ ನಿಂತ.

ಅಮ್ಮ ಅಪ್ಪನ ಜೇಬಿನಿಂದ ಕೆಂಪು ಪೆನ್ನು ಕಿತ್ತುಕೊಂಡು, ಹೊಡೆದುಹಾಕಿದ ಸಾಲಿನ ಕೆಳಗೆ ಚುಕ್ಕಿ ಇಡತೊಡಗಿದರು. ಸಾಲು ಮುಗಿದರೂ ಚುಕ್ಕಿಗಳು ಮುಗಿಯದೆ ಹಾಳೆಯ ಅಂಚಿನವರೆಗೂ ಹೋದವು.

“‘ಅಮ್ಮನನ್ನು’ ಅಂತಾದ್ರೂ...” ಎಂದರು ಅಪ್ಪ.

“ಸುಮ್ನಿರ್ರೀ, ಸಾಕು.” ಅಮ್ಮ ಮಗನತ್ತ ತಿರುಗಿದರು. “ಮಗು ಹೇಗಿದೆಯೋ?”

“ಅವಳು ಕಾಲೇಜಿಗೆ ಹೋಗ್ತಾಳಮ್ಮ.”

“ಗೊತ್ತು ಕಣೋ. ಆಗ ಕೇಳ್ಬೇಕಿತ್ತು, ಈಗ ಕೇಳ್ತಿದೀನಿ.”

ಅಲ್ಪನಿಗೆ ಅಳು ಬಂತು. ಈ ವಯಸ್ಸಿನಲ್ಲಿ ಅಳುವುದೇನು ಚೆಂದ? ಗ್ರೀಸ್ ಕೈಯಲ್ಲೇ ಮುಖ ಒರೆಸಿಕೊಂಡ.

“ಸುಸ್ತಾಗಿದೆ ಅಮ್ಮ,” ಎಂದ.

ಅಪ್ಪ ‘ದಣಿ...’ ಎಂದು ಶುರುಮಾಡಿದವರು ಕನ್ನಡಕ ತೆಗೆದಿಟ್ಟರು. ಅಮ್ಮ ಸೋಫಾದ ಮೇಲಿದ್ದ ಪುಸ್ತಕಗಳನ್ನೆಲ್ಲ ತೋಳಿನಿಂದ ನೆಲಕ್ಕೆ ತಳ್ಳಿದರು. ಮೊದಲು ಬಿದ್ದವು ಅವರದೇ ಕವಿತೆಗಳು.

“ಶೂ ಬಿಚ್ಚು,” ಎಂದರು. “ಇಲ್ಲೇ ಮಲಕ್ಕೋ.”