ಜೂನ್ ತಿಂಗಳ ಬಿಸಿಲು

ಬಾಲ್ಟ್ಸ್ ಗಂಟೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಎರಡು ಬಿಯರ್ ಗ್ಲಾಸು ಉರುಳಿ, ಅಕ್ಕಪಕ್ಕದವರು ಭಾನುವಾರ ಚರ್ಚಿಗೆ ಹಾಕುವ ಪ್ಯಾಂಟುಗಳು ಒದ್ದೆಯಾದವು. ಯಾರೂ ಬೈಯಲಿಲ್ಲ. ಗಂಡಸಿನ ತಲೆಯಷ್ಟು ದಪ್ಪವಿದ್ದ ಆ ಹಿತ್ತಾಳೆಯ ಗಂಟೆ, ಹಿಂಡಿನ ಮುಂದೆ ನಡೆಯುವ ಹಸುವಿನ ಕೊರಳಿಗೆ ಮಾತ್ರ ಕಟ್ಟುವಂಥದ್ದು. ಅದರ ಚರ್ಮದ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ 'ಗೆಮ್ಸಿ' ಎಂದು ಹೊಲಿದಿತ್ತು. ಗೆಮ್ಸಿ ಜೂನ್‌ನಲ್ಲೇ ಸತ್ತದ್ದು 'ಕರಡಿ' ಹೋಟೆಲಿನ ಆ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಏನೋ ಬಾಲ್ಟ್ಸ್, ಬಹುಮಾನ ನೀನೇ ಹೊತ್ಕೊಂಡ್ ಬಂದ್ಯಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಹೂಂ. ಗೆದ್ದೋರಿಗೆ ಕೊಡೋಣ ಅಂತ."

ವೇದಿಕೆಯ ಮೇಲೆ ಕಣಿವೆಯ ಆರು ಜನ ಹವಾಮಾನ ಭವಿಷ್ಯಕಾರರು ಸಾಲಾಗಿ ಕೂತಿದ್ದರು. ಒಬ್ಬ ಪೈನ್ ಕಾಯಿ ನೋಡಿ ಹೇಳುವವನು, ಒಬ್ಬ ಮೀನಿನ ಹೊಟ್ಟೆ ಸೀಳಿ ಹೇಳುವವನು. ಬಾಲ್ಟ್ಸ್‌ನ ಭಾವ ಮೈನ್‌ರಾಡ್ ಇಲಿಬಿಲಗಳ ಬಾಯಿ ಯಾವ ದಿಕ್ಕಿಗಿದೆ ಎಂದು ನೋಡಿ ಹೇಳುವವನು. ಏಪ್ರಿಲ್‌ನಲ್ಲಿ ಬೇಸಿಗೆಯನ್ನೂ ಅಕ್ಟೋಬರ್‌ನಲ್ಲಿ ಚಳಿಗಾಲವನ್ನೂ ಇವರು ತುಂಬಿದ ಸಭೆಗೆ ಹೇಳಬೇಕು. ಇವತ್ತಿನದು ಅಕ್ಟೋಬರ್ ಸಭೆ. ಹೋದ ಸಲ ಹೇಳಿದ್ದು ಎಷ್ಟು ಸರಿಯಾಯಿತೆಂದು ಅವರ ಸಂಘದ ಅಧ್ಯಕ್ಷ ಡೊಮಿನಿ ಅಂಕ ಕೊಡುತ್ತಾನೆ. ಅಂಕಕ್ಕಿಂತ ನಗು ಮುಖ್ಯ. ತಪ್ಪು ಹೇಳಿದವನನ್ನು ಕಣಿವೆ ಮುಂದಿನ ವರ್ಷವೂ ಕರೆಯುತ್ತದೆ. ನಗಿಸಲಾಗದವನನ್ನು ಮಾತ್ರ ಕರೆಯುವುದಿಲ್ಲ.

ಮೈನ್‌ರಾಡ್‌ನ ಹೆಂಡತಿ ಪೌಲೀನ ಮೊದಲ ಸಾಲಿನಲ್ಲಿ ಕೂತು ಕಾಲ್ಚೀಲ ಹೆಣೆಯುತ್ತಿದ್ದಳು. ಅವಳು ಬಾಲ್ಟ್ಸ್‌ನ ಅಕ್ಕ. ದಿನಾ ಬೆಳಿಗ್ಗೆ ಹಿತ್ತಲಿನ ಮಳೆಮಾಪಕದಲ್ಲಿ ಬಿದ್ದ ನೀರನ್ನು ಅಳೆದು ಜ್ಯೂರಿಕ್‌ನ ಹವಾಮಾನ ಕಚೇರಿಗೆ ಫೋನಿನಲ್ಲಿ ಹೇಳುವುದು ಅವಳ ಹವ್ಯಾಸ. "ನಿನ್ನೆ ಬಿದ್ದಿದ್ದು ನಾನು ಹೇಳ್ತೀನಿ, ನಾಳೆ ಬೀಳೋದು ಇವ್ರು ಹೇಳ್ತಾರೆ. ನನ್ನನ್ನ ಯಾರೂ ವೇದಿಕೆಗೆ ಕರೆಯಲ್ಲ" ಎನ್ನುತ್ತಿದ್ದಳು. ಆ ಮಾತಿನಲ್ಲಿ ದೂರೇನೂ ಇರುತ್ತಿರಲಿಲ್ಲ.

ಹೋದ ಏಪ್ರಿಲ್‌ನಲ್ಲಿ ಮೈನ್‌ರಾಡ್‌ನ ಭಾಷಣ ನಡುವೆ ಸಪ್ಪೆಯಾಗಿತ್ತು. ಜನ ಬಿಯರ್ ತರಿಸಿಕೊಳ್ಳಲು ಕೈ ಎತ್ತತೊಡಗಿದ್ದರು. ಆಗ ಅವನು ಕಾಗದದಿಂದ ಕಣ್ಣು ಕಿತ್ತು, "ಜೂನ್ ಮೊದಲ ವಾರ ಎಂಥಾ ಬಿಸಿಲು ಅಂದ್ರೆ, ನಮ್ಮ ಪಾದ್ರಿಗಳು ಚಡ್ಡೀಲೇ ಪೂಜೆ ಮಾಡ್ತಾರೆ! ಆಗ್ಲೂ ದನ ಕೊಟ್ಟಿಗೇಲಿ ಕಟ್ಕೊಂಡಿರೋನು ದನಕ್ಕಿಂತ ದನ!" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಪಾದ್ರಿಯೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಲ್ಟ್ಸ್.

ನಕ್ಕು ಮನೆಗೆ ಹೋದ ಮೇಲೆ ದನಗಳನ್ನು ಬೆಟ್ಟಕ್ಕೆ ಹತ್ತಿಸಲು ಎಲ್ಲರೂ ತಮ್ಮ ಅಪ್ಪಂದಿರಂತೆ ಜೂನ್ ನಡುವಿನವರೆಗೂ ಕಾದರು. ಬಾಲ್ಟ್ಸ್ ಒಬ್ಬನೇ ಮೇ ಕೊನೆಗೇ ಹಿಂಡನ್ನು ಹೊಡೆದುಕೊಂಡು ರಿಂಡರ್‌ಮಾಟ್‌ನ ಹುಲ್ಲುಗಾವಲಿಗೆ ಹತ್ತಿದ. ಬೇರೆಯವರ ದನ ಬರುವ ಮೊದಲು ಎಳೆಹುಲ್ಲೆಲ್ಲ ತನ್ನದಾಗುತ್ತದೆ ಎಂಬ ಲೆಕ್ಕ. ಕೆಲವು ದಿನ ಬಿಸಿಲೂ ಇತ್ತು. ಆಮೇಲೆ ಒಂದು ಸಂಜೆ ಮಳೆ ಹಿಮವಾಗಿ ತಿರುಗಿತು, ಹಿಮದೊಳಗೇ ಗುಡುಗಿತು. ಬೆಚ್ಚಿದ ಗೆಮ್ಸಿ ಓಡಿತು. ಗಂಟೆಯ ಸದ್ದಿನ ಹಿಂದೆ ಹೋಗಲು ಕಲಿತಿದ್ದ ಹಿಂಡು ಅದರ ಹಿಂದೆಯೇ ಓಡಿತು. ಬಾಲ್ಟ್ಸ್‌ಗೆ ಏನೂ ಕಾಣಿಸುತ್ತಿರಲಿಲ್ಲ. ಗಂಟೆ ದೂರವಾಗುವುದು ಕೇಳಿಸಿತು, ಆಮೇಲೆ ಅದು ನಿಂತದ್ದು ಕೇಳಿಸಿತು. ಬೆಳಗಾದ ಮೇಲೆ ಕಡಿದಾದ ಬಂಡೆಯ ಬುಡದ ಹಳ್ಳಕ್ಕೆ ಇಳಿದ. ಅರ್ಧದಷ್ಟು ಹಿಂಡು ಅಲ್ಲಿ ಬಿದ್ದಿತ್ತು. ಕೆಲವು ಇನ್ನೂ ಉಸಿರಾಡುತ್ತಿದ್ದವು, ಒಂದು ಮುರಿದ ಮುಂಗಾಲುಗಳ ಮೇಲೆ ಏಳಲು ನೋಡುತ್ತಿತ್ತು. ಅವನ ಬಳಿ ಇದ್ದದ್ದು ಚೀಸ್ ಕೊಯ್ಯುವ ಚಾಕು. ಅದರಲ್ಲೇ ಮುಗಿಸಿದ. ಮಧ್ಯಾಹ್ನದವರೆಗೂ ಹಿಡಿಯಿತು.

ಆಮೇಲೆ ಚರ್ಚಿನ ಮುಂದೆ ಅವನ ಹಸುಗಳಿಗಾಗಿ ಮರುಗಿದವರಿಗಿಂತ, "ಇಲಿ ಮಾತು ಕೇಳ್ಕೊಂಡ್ ಹೋದ್ನಂತೆ!" ಎಂದು ಬೆರಗಾದವರೇ ಹೆಚ್ಚು.

ಈಗ ಡೊಮಿನಿ ಕನ್ನಡಕ ಏರಿಸಿಕೊಂಡು ಅಂಕ ಓದುತ್ತಿದ್ದ. ಪೈನ್ ಕಾಯಿಯವನು ಜುಲೈನ ಆಲಿಕಲ್ಲು ಹೇಳದೆ ಬಿಟ್ಟಿದ್ದ. ಮೀನಿನವನು ಆಗಸ್ಟ್ ಇಡೀ ತಪ್ಪು ಹೇಳಿದ್ದ. "ಇನ್ನು ಮೈನ್‌ರಾಡ್. ಜುಲೈ ಸರಿ. ಆಗಸ್ಟ್ ಸರಿ. ಸೆಪ್ಟೆಂಬರಿನ ಬಿಸಿಗಾಳಿ ಕೂಡ ಸರಿ. ಜೂನ್ ಮೊದಲ ವಾರ ಮಾತ್ರ ಸೊನ್ನೆ. ಒಟ್ಟು ಲೆಕ್ಕದಲ್ಲಿ ಈ ಬೇಸಿಗೆಯ ರಾಜ ನಮ್ಮ ಮೈನ್‌ರಾಡೇ!" ಚಪ್ಪಾಳೆ ಬಿತ್ತು. ಡೊಮಿನಿ ಕೆಟ್ಟವನಲ್ಲ, ಚಪ್ಪಾಳೆ ಕೇಳಿದರೆ ಅವನಿಗೆ ಇನ್ನೊಂದು ಮಾತು ಹುಟ್ಟುತ್ತದೆ, ಅಷ್ಟೇ. "ಆ ಒಂದು ವಾರಾನೂ ಚಿಂತೆಯಿಲ್ಲ ಬಿಡಿ. ಇಡೀ ಕಣಿವೇಲಿ ಅದನ್ನ ನಂಬಿದ್ದು ಒಬ್ಬನೇ!"

ಸಭೆ ನಕ್ಕಿತು. ಮೈನ್‌ರಾಡ್‌ನ ತುಟಿಯೂ ಅಗಲವಾಯಿತು. ಸಭೆ ನಕ್ಕಾಗ ಅಗಲವಾಗುವುದು ಆ ತುಟಿಗೆ ರೂಢಿಯಾಗಿತ್ತು.

ಬಾಲ್ಟ್ಸ್ ಗಂಟೆಯ ಪಟ್ಟಿ ಹಿಡಿದು ವೇದಿಕೆಗೆ ಹಾರಿದ್ದನ್ನು ಹಲವರು ಆಟದ ಭಾಗವೆಂದೇ ತಿಳಿದರು. ಅವನು ಮರ ಕಡಿಯುವವನಂತೆ ಸೊಂಟ ತಿರುಗಿಸಿ ಬೀಸಿದ. ಗಂಟೆ ಭಾವನ ದವಡೆಗೆ ಬಡಿದು ಒಂದೇ ಒಂದು ಸಲ ಮೊಳಗಿತು. ಮೈನ್‌ರಾಡ್ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಅವನ ಹಲ್ಲೊಂದು ಡೊಮಿನಿಯ ನೀರಿನ ಲೋಟದ ಪಕ್ಕಕ್ಕೆ ಬಂದು ನಿಂತಿತು. ಬಾಲ್ಟ್ಸ್ ಅವನ ಎದೆಯ ಮೇಲೆ ಮಂಡಿಯೂರಿ, ಗಂಟೆ ಬಿಸಾಕಿ, ಬರಿಗೈಯಲ್ಲಿ ಗುದ್ದತೊಡಗಿದ. ಬಿಡಿಸಲು ಹೋದ ಪೈನ್ ಕಾಯಿಯವನ ಮೂಗಿಗೆ ಮೊಣಕೈ ತಗುಲಿ ರಕ್ತ ಬಂತು. ಮೀನಿನವನೂ ಹೋಟೆಲಿನ ಇಬ್ಬರು ಮಾಣಿಗಳೂ ಸೇರಿ ಕೊನೆಗೆ ಬಾಲ್ಟ್ಸ್‌ನ ತೋಳುಗಳನ್ನು ಹಿಂದಕ್ಕೆ ತಿರುಚಿದರು.

"ಬಿಡ್ರೋ! ಹೊಡೆಯಲ್ಲ, ಬಿಡಿ. ಒಂದ್ ಮಾತು ಕೇಳ್ಬೇಕು." ಬಾಲ್ಟ್ಸ್ ಏದುಸಿರು ಬಿಡುತ್ತಿದ್ದ. "ಭಾವ, ಈ ಚಳಿಗಾಲ ಹೆಂಗಿರತ್ತೆ?"

ಯಾರಿಗೂ ಅರ್ಥವಾಗಲಿಲ್ಲ.

"ಕೇಳ್ತಿರೋದು ನಿನ್ನೇ. ಇನ್ನೂ ಐದು ಹಸು ಉಳಿದಿವೆ. ಮೊದಲ ಹುಲ್ಲು ಕುಯ್ಯೋ ಹೊತ್ತೆಲ್ಲ ಹಳ್ಳದಿಂದ ಹೆಣ ಎತ್ತೋದ್ರಲ್ಲೇ ಹೋಯ್ತು, ಚಳಿಗಾಲಕ್ಕೆ ಸಾಕಷ್ಟು ಕೂಡಿಡೋಕಾಗ್ಲಿಲ್ಲ. ಇರೋ ಹುಲ್ಲು ಮಾರ್ಚ್ ಮೊದಲಿಗೆ ಮುಗಿಯತ್ತೆ. ಹಿಮ ಬೇಗ ಕರಗಿದ್ರೆ ಐದೂ ಬದುಕತ್ತೆ. ತಡವಾದ್ರೆ ಐದೂ ಒಣಗತ್ತೆ. ಎರಡನ್ನ ಈಗ್ಲೇ ಕಡೀಬೇಕೋ ಬೇಡ್ವೋ? ಹೇಳು!"

ಪೌಲೀನ ವೇದಿಕೆ ಹತ್ತಿ ಮೇಜಿನ ಬಟ್ಟೆ ಎಳೆದು ಗಂಡನ ಬಾಯಿಗೆ ಒತ್ತಿದಳು. ತಮ್ಮನ ಕಡೆ ತಿರುಗಿ, "ಇನ್ನೊಂದ್ ಏಟು ಹಾಕಿದ್ರೆ ನಿನ್ನ ಕೈ ಮುರೀತೀನಿ. ಕೇಳಿದ್ಯಲ್ಲ, ಉತ್ತರ ಕೇಳಿಸ್ಕೋ" ಎಂದಳು.

ಮೈನ್‌ರಾಡ್‌ನ ಜೇಬಿನಲ್ಲಿ ಚಳಿಗಾಲದ ಭಾಷಣವಿತ್ತು. ಫೆಬ್ರವರಿಯ ಹಿಮದ ಬಗ್ಗೆ, ಡೊಮಿನಿಯ ಬೋಳುತಲೆಯ ಬಗ್ಗೆ ಒಂದು ವಾರದಿಂದ ತಿದ್ದಿ ತೀಡಿದ ಮಾತುಗಳಿದ್ದವು. ಅವನು ಅದನ್ನು ತೆಗೆಯಲಿಲ್ಲ.

"ಗೊತ್ತಿಲ್ಲ" ಎಂದ. ಒಡೆದ ಬಾಯಲ್ಲಿ ಮಾತು ತೊದಲಾಗಿ ಬಂತು.

ಹಿಂದಿನ ಸಾಲಿನಲ್ಲಿ ಒಬ್ಬ ಫಕ್ಕನೆ ನಕ್ಕ. ಪಕ್ಕದವನೂ ನಕ್ಕ. ರಕ್ತ ಸುರಿಸುತ್ತಲೇ ಭಾಷಣ ಶುರುಮಾಡಿದ ಗಂಡುಗಲಿ ಎಂದುಕೊಂಡು ಇಡೀ ಸಭೆ ಮೇಜು ಕುಟ್ಟಿ ನಕ್ಕಿತು. ಮೈನ್‌ರಾಡ್ ಕಾದ. ನಗು ತಾನಾಗಿ ಬತ್ತಿದ ಮೇಲೆ ಮತ್ತೆ, "ನಂಗೆ ಗೊತ್ತಿಲ್ಲ ಬಾಲ್ಟ್ಸ್" ಎಂದ.

"ಈ ಮಾತು ಏಪ್ರಿಲ್‌ನಲ್ಲಿ ಹೇಳ್ಬಹುದಿತ್ತು."

"ಏಪ್ರಿಲ್‌ನಲ್ಲೂ ಗೊತ್ತಿರ್ಲಿಲ್ಲ."

ಬಾಲ್ಟ್ಸ್ ಹಿಡಿದವರ ಕೈ ಕೊಡವಿಕೊಂಡ. ಎದುರಿಗಿದ್ದ ಖಾಲಿ ಕುರ್ಚಿಯನ್ನು ಒದ್ದು ಮುರಿದು, ಗಂಟೆಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಡೊಮಿನಿ ಬಹುಮಾನದ ಕೆತ್ತನೆ ಕೋಲನ್ನು ಯಾರಿಗೆ ಕೊಡುವುದೆಂದು ತಿಳಿಯದೆ ತಾನೇ ಊರಿಕೊಂಡು ನಿಂತಿದ್ದ.

ಮರುದಿನ ಬೆಳಿಗ್ಗೆ ಮೈನ್‌ರಾಡ್ ದವಡೆಗೆ ಬಟ್ಟೆ ಕಟ್ಟಿಕೊಂಡು, ಗಂಟೆ ಹೊತ್ತು, ಬೇಲಿ ದಾಟಿ ಬಾಲ್ಟ್ಸ್‌ನ ಅಂಗಳಕ್ಕೆ ಬಂದ. ಗಂಟೆಯ ನಾಲಿಗೆ ಅಲ್ಲಾಡದಂತೆ ಒಳಗೆ ಹುಲ್ಲು ತುರುಕಿದ್ದ. ಬಾಲ್ಟ್ಸ್ ಎರಡು ಹಸುಗಳನ್ನು ಹೊರಗೆ ಕಟ್ಟಿ ಚಾಕು ಮಸೆಯುತ್ತಿದ್ದ. ತಲೆಯೆತ್ತಿ ನೋಡಿದ, ಮತ್ತೆ ಮಸೆದ.

"ಹಗ್ಗ ಹಿಡ್ಕೋ" ಎಂದ ಆಮೇಲೆ. "ಗಟ್ಟಿಯಾಗಿ. ಇದು ಗೆಮ್ಸಿ ಮಗಳು, ಕೊಸರತ್ತೆ."

ಮೈನ್‌ರಾಡ್ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಹಸುವಿನ ಹಣೆಗೆ ತನ್ನ ಹಣೆ ಆನಿಸಿ ನಿಂತ. ಅದರ ಬಿಸಿ ಉಸಿರು ಊದಿದ ಕೆನ್ನೆಗೆ ತಗುಲುತ್ತಿತ್ತು. ಬಾಲ್ಟ್ಸ್ ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಕೊಯ್ಯುವ ಮೊದಲು ದನವನ್ನು ಕೆಡವುವ ಬೋಲ್ಟಿನ ಪಿಸ್ತೂಲನ್ನು ಆ ಹಣೆಗೇ ಇಟ್ಟ. ಸದ್ದಿಗೆ ಇನ್ನೊಂದು ಹಸು ಗೂಟ ಜಗ್ಗಿತು. ಗೆಮ್ಸಿಯ ಮಗಳು ಮಂಡಿಯ ಮೇಲೆ ಕುಸಿದು, ಮೈನ್‌ರಾಡ್‌ನನ್ನೂ ಹಗ್ಗದ ಸಮೇತ ನೆಲಕ್ಕೆ ಎಳೆಯಿತು. ಬಾಲ್ಟ್ಸ್ ಕೊರಳು ಕೊಯ್ದ. ಕಾಲುಗಳು ಬಹಳ ಹೊತ್ತು ಗಾಳಿಯಲ್ಲಿ ನಡೆದವು. ರಕ್ತ ಹಬೆಯಾಡುತ್ತ ಮೈನ್‌ರಾಡ್‌ನ ಮೊಣಕಾಲಿನವರೆಗೂ ಹರಿದು ಬಂತು. ಅವನು ಹಗ್ಗ ಬಿಡಲಿಲ್ಲ.

ಬೇಲಿಯಾಚೆ ಪೌಲೀನ ಮಳೆಮಾಪಕದ ಮುಚ್ಚಳ ತೆಗೆದು ಬಗ್ಗಿ ನೋಡಿದಳು.

"ಎಷ್ಟು ಅಕ್ಕ?" ಬಾಲ್ಟ್ಸ್ ಕೂಗಿದ.

"ಅಳೆಯೋವಷ್ಟೇನೂ ಇಲ್ಲ. ಈಗ ಶುರುವಾಗ್ತಿದೆ."

ಇಬ್ಬರು ಗಂಡಸರೂ ಮೇಲೆ ನೋಡಲಿಲ್ಲ. ಹಿಮದ ಹಳುಕುಗಳು ಒಂದೊಂದಾಗಿ ಹಸುವಿನ ಪಕ್ಕೆಯ ಮೇಲೆ ಇಳಿದು, ಮುಟ್ಟಿದ ಕೂಡಲೇ ಕರಗಿ ಕೂದಲು ಒದ್ದೆ ಮಾಡುತ್ತಿದ್ದವು. ಬಾಲ್ಟ್ಸ್ ಎರಡನೆಯದನ್ನು ಬಿಚ್ಚಿಕೊಂಡು ಬರುವ ಹೊತ್ತಿಗೆ ಅವು ಕರಗದೆ ನಿಲ್ಲತೊಡಗಿದ್ದವು.