ರಘುವೀರನ ಹರಕೆಯ ಖಣ

ದೇವಿಯ ಮುಂದೆ ಸುಳ್ಳಿನ ಖಣ ಇಟ್ಟರೆ ಪಾಪ ಯಾರಿಗೆ ತಟ್ಟೀತು, ಅಜ್ಜಿಗೋ ತನಗೋ? ಗುಳೇದಗುಡ್ಡದಿಂದ ಬನಶಂಕರಿಗೆ ಹೊರಟ ಬಸ್ಸಿನ ಕಿಟಕಿಗೆ ಹಣೆಯೊತ್ತಿ ಚೇತನಾ ಒಳಗೊಳಗೇ ಕೇಳಿಕೊಂಡಳು. ಪಕ್ಕದಲ್ಲಿ ಅವಳು ಆಯಿ ಎಂದು ಕರೆಯುವ ಅಜ್ಜಿ ಕಾಳವ್ವ. ಮಡಿಲಲ್ಲಿ ಮನೆಯ ಮಗ್ಗದಲ್ಲೇ ನೇಯ್ದ ಕುಪ್ಪಸದ ಖಣ.

ಅದು ರಘುವೀರನ ಹರಕೆಯದು. ರಘುವೀರನೋ, ಮೊಬೈಲಿನಲ್ಲಿ ಬರುವ ಹಿಂದಿ ಸೀರೀಸಿನವನು! ಕಣ್ಣಿಗೆ ಪೊರೆ ಬಂದ ಅಜ್ಜಿಗೆ ಅವನ ಕತೆ ಹೇಳುವವಳು ಚೇತನಾ. ಡಿಗ್ರಿ ಮುಗಿಸಿಯೂ ಮಂದಿಯೆದುರು ತುಟಿ ಬಿಚ್ಚದ ಹುಡುಗಿ, ಕಂಡಿಕೆಗೆ ನೂಲು ಸುತ್ತುತ್ತ ಅಜ್ಜಿಯೆದುರು ಮಾತ್ರ ಹೊಳೆಯಂತೆ ಹರಿಯುತ್ತಿದ್ದಳು.

ಮೊದಲ ಸೀಸನ್ನಿನಲ್ಲಿ ಅವನು ಮಗಳ ಆಪರೇಷನ್ನಿಗೆಂದು ಕಳ್ಳಮಾಲು ಸಾಗಿಸಿದ ಲಾರಿ ಡ್ರೈವರ್. ಒಬ್ಬನನ್ನು ಕೊಂದು ರಸ್ತೆಬದಿಯಲ್ಲಿ ಕೂತು ವಾಂತಿ ಮಾಡಿಕೊಂಡಿದ್ದ. ಅಜ್ಜಿಗೆ ಅವನ ಮೇಲಿನ ಅಕ್ಕರೆ ಹೋದೀತೆಂದು ಚೇತನಾ ತಾನು ಹೇಳುವಾಗ ಸತ್ತವನಿಗೆ ಹಾವು ಕಡಿಸಿದಳು. ಮುಂದಿನ ಸೀಸನ್ನಿನವನನ್ನು ಬಾವಿಗೆ ಜಾರಿಸಿದಳು. ಅದರ ಮುಂದಿನವನಿಗೆ ಸಿಡಿಲು.

“ನೋಡಿದಿ ಏನ ಬೇ, ಎಲ್ಲಾ ಬನಶಂಕರಿನ ಮಾಡಾಕತ್ತಾಳ!” ಅಜ್ಜಿ ಕೈಮುಗಿದಿದ್ದಳು. “ಅವಾ ಒಮ್ಮೆ ಮನಿ ಮುಟ್ಟಲಿ, ಖಣ ಇಟ್ಟು ಆಕಿ ಉಡಿ ತುಂಬ್ತೇನಿ.”

ನಾಲ್ಕನೆಯದರಲ್ಲಿ ರಘುವೀರ ಮನೆ ಮುಟ್ಟಿದ. ಮಗಳು ಗುಣವಾಗಿದ್ದಳು, ಯಾವ ಕೊರತೆಯೂ ಇರಲಿಲ್ಲ. ಆದರೂ ತಮ್ಮಾ ಎಂದು ಕರೆಯುತ್ತಿದ್ದ ಕ್ಲೀನರನನ್ನೇ ಕೊಂದ. ಕೈ ತೊಳೆದು ಚಹಾ ಕೇಳಿದ.

ಚೇತನಾ ಕಂತು ನಿಲ್ಲಿಸಿ ನೋಡಿದಳು. ಅದೇ ಮುಖ, ಅದೇ ನಗು. ಇವನು ಯಾವಾಗ ಹಿಂಗಾದ? ಹಿಂದಿನ ಕಂತುಗಳನ್ನೆಲ್ಲ ಮತ್ತೆ ನೋಡಿದಳು. ಅವನು ದಾಟಿದ ಗೆರೆ ಎಲ್ಲೂ ಸಿಗಲಿಲ್ಲ. ಅವನ ಬೆನ್ನಿಗೆ ತಾನೂ ದಾಟಿ ಬಂದಿದ್ದಳು, ತನ್ನ ಹೆಜ್ಜೆ ಸಪ್ಪಳ ತನಗೇ ಕೇಳದಂತೆ. ಕಟ್ಟಿದ ಕತೆಗೆ ಇಷ್ಟು ಬಲವೇ! ಹೆದರಿಕೆಗಿಂತ ಬೆರಗೇ ದೊಡ್ಡದಾಯಿತು. ಅಜ್ಜಿಗೆ ಮಾತ್ರ ಅವನು ಮನೆ ಮುಟ್ಟಿದನೆಂದಷ್ಟೇ ಹೇಳಿದಳು.

ಗುಡಿಯಲ್ಲಿ ಪೂಜಾರಿ ಕೇಳಿದ, “ಯಾರ ಹೆಸರಲೆ, ಯವ್ವಾ?”

“ರಘುವೀರನ ಹೆಸರಲೆ ರಿ. ಲಾರಿ ಹೊಡೀತಾನ.”

“ಮೊಮ್ಮಗ ಏನು?”

“ಅವಗಿಂತ ಹೆಚ್ಚ ರಿ. ಭಾಳ ಸಂಭಾವಿತ. ಇರುವಿ ಸೈತ ತುಳಿಯೂದಿಲ್ಲ.”

ಪೂಜಾರಿ ಕೈ ಚಾಚಿದ. ಹಿಂದೆ ಪಾಳಿ ಹಚ್ಚಿದವರು ಗೊಣಗುತ್ತಿದ್ದರು. ದೇವಿಯ ದೊಡ್ಡ ಕಣ್ಣುಗಳು ನೇರ ತನ್ನನ್ನೇ ನೋಡಿದಂತಾಗಿ ಚೇತನಾ ಖಣದ ಮೇಲೆ ಕೈಯಿಟ್ಟಳು.

“ಆಯಿ, ಯಾರಿಗೂ ಹಾವು ಕಡದಿಲ್ಲ. ಎಲ್ಲಾರನೂ ಅವನೇ ಕೊಂದಾನ.”

ಕಾಳವ್ವ ಮೊಮ್ಮಗಳ ದನಿ ಬಂದ ಕಡೆ ಮುಖ ತಿರುಗಿಸಿದಳು. ಗೊಣಗಾಟ ನಿಂತಿತು.

“ಅದು ಗೊತ್ತಿದ್ದೂ,” ಚೇತನಾ ಪಾಳಿಯ ಕೊನೆಗೂ ಕೇಳುವಂತೆ ಅಂದಳು, “ಅವಾ ಸಿಕ್ಕಿಬೀಳಬಾರದು ಅಂತ ನಾನೂ ಬೇಡಿಕೊಂಡೇನಿ.”