ಏಳೂವರೆ ಅಂಗುಲ

ಮನುಕುಲದ ಗಮನಕ್ಕೆ ತರಲೇಬೇಕಾದ ಸಂಗತಿಯೊಂದಿದೆ: ಆಸ್ಪತ್ರೆಯ ಉಗ್ರಾಣದ ಗೋಡೆಯಲ್ಲಿರುವ ನಕಾಶೆಯ ಪ್ರಕಾರ, ಔಷಧಿ ತಯಾರಾಗುವ ಊರಿಗೂ ಈ ಊರಿಗೂ ಅಂತರ ಏಳೂವರೆ ಅಂಗುಲ. ಎಂಟು ಎಂದವರೊಡನೆ ಉಗ್ರಾಣದ ಗುಮಾಸ್ತ ಮಾತು ಬಿಟ್ಟಿದ್ದ. ಜೇಬಿನಲ್ಲಿ ಸದಾ ಅಡಿಪಟ್ಟಿ ಇರುತ್ತಿದ್ದುದರಿಂದ ಅವನ ಹೆಸರೇ ಅಡಿಪಟ್ಟಿ.

ಹತ್ತಿರದ ಕಾರ್ಖಾನೆ ರಿಪೇರಿಗೆ ನಿಂತಿತ್ತು. ಸ್ಕ್ಯಾನಿಗೆ ಮೊದಲು ಚುಚ್ಚುವ, ವಿಕಿರಣ ಸೂಸುವ ಔಷಧಿ ಈ ಸಲ ದೂರದ ಊರಿನಿಂದ, ವಿಮಾನದಲ್ಲಿ ಬರಬೇಕು. ದಾರಿಯುದ್ದಕ್ಕೂ ಅದರ ಕಸುವು ಕರಗುತ್ತದೆ. ಎರಡು ಗಂಟೆಯೊಳಗೆ ಅರ್ಧ. ಹಾರಾಟದ ಹೊತ್ತು ನೋಡಿ, ಕರಗುವಷ್ಟನ್ನು ಸೇರಿಸಿ ಬೇಡಿಕೆ ಬರೆಯಬೇಕು. ಅಡಿಪಟ್ಟಿ ಬರೆದಿದ್ದ. ಔಷಧಿ ಅವನ ಸ್ವಂತ ಅಕ್ಕನಿಗೆ.

ಅಕ್ಕನ ಹೊಟ್ಟೆಯ ಗಡ್ಡೆ ಬೇರೆಡೆ ಹರಡಿಲ್ಲವೆಂದು ಇವತ್ತೇ ಗೊತ್ತಾದರೆ ನಾಳೆ ಆಪರೇಶನ್. ನಾಳೆ ಬಿಟ್ಟರೆ ಸರ್ಜನ್ ಐದು ವಾರ ಊರಲ್ಲಿರುವುದಿಲ್ಲ. ಗಡ್ಡೆ ಐದು ವಾರ ಕಾಯುವ ಜಾತಿಯದಲ್ಲ.

"ಏನ್ರೀ ಅಡಿಪಟ್ಟಿ, ವಿಮಾನ ಎಲ್ಲಿ?" ಸ್ಕ್ಯಾನ್ ಮೇಡಂ ಬಾಗಿಲಿಗೆ ಬಂದರು.

"ಇಳಿದಿರಬೇಕು ಮೇಡಂ. ಒಂದು ಗಂಟೆ ಇಪ್ಪತ್ತು ನಿಮಿಷ. ಹೋದ ತಿಂಗಳು ನಾನೇ ಅಲ್ಲಿಗೆ ಹೋಗಿದ್ನಲ್ಲ, ಗಡಿಯಾರ ನೋಡ್ಕೊಂಡೇ ಕೂತಿದ್ದೆ."

"ಹೋಗಿದ್ರಿ, ಸರಿ. ಬಂದಿದ್ದು?"

"ರೈಲಲ್ಲಿ."

ಮೇಡಂ ಫೋನಿನಲ್ಲಿ ವೇಳಾಪಟ್ಟಿ ತೆಗೆದರು. "ಅಲ್ಲಿಂದ ಇಲ್ಲಿಗೆ ಒಂದು ಗಂಟೆ ಐವತ್ತೈದು. ಎದುರುಗಾಳಿ ಕಣ್ರೀ."

"ದೂರ ಅಷ್ಟೇ ಅಲ್ವಾ?"

"ಗಾಳಿಗೆ ನಿಮ್ಮ ಅಡಿಪಟ್ಟಿ ತೋರಿಸಿ. ಮರ್ಯಾದೆ ಕೊಟ್ರೂ ಕೊಟ್ಟೀತು."

ಮೂವತ್ತೈದು ನಿಮಿಷ. ಅಷ್ಟು ಹೊತ್ತಿನಲ್ಲಿ ಕರಗುವುದನ್ನು ಅಡಿಪಟ್ಟಿ ಬೇಡಿಕೆಗೆ ಸೇರಿಸಿರಲಿಲ್ಲ. ನಿನ್ನೆಯಿಂದ ಉಪವಾಸವಿದ್ದ ಅಕ್ಕ ಗಾಲಿಕುರ್ಚಿಯಿಂದ ನೋಡುತ್ತಿದ್ದಳು.

"ಏನೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಏನಿಲ್ಲಕ್ಕಾ."

"ಚಿಕ್ಕಂದಿನಿಂದ್ಲೂ ಅಷ್ಟೇ. ಏನಿಲ್ಲ ಅಂದ್ಯೋ, ಏನೋ ಒಡೆದು ಹಾಕಿದೀಯ ಅಂತ್ಲೇ."

ಸೀಸದ ಡಬ್ಬಿ ಬಂತು. ಮೇಡಂ ಅಳೆದರು. ಐದನೇ ಒಂದು ಪಾಲು ಕಡಿಮೆ.

"ಅರವತ್ತೆಂಟು ಕೆಜಿಯವರಿಗೆ ಸಾಲಲ್ಲ. ಫೈಲಲ್ಲಿ ನಿಮ್ಮಕ್ಕನ ತೂಕ ಅಷ್ಟಿದೆ." ಅಷ್ಟರಲ್ಲಿ ಅವರ ಕಣ್ಣು ಅಕ್ಕನ ಕೈಗಡಿಯಾರದ ಮೇಲೆ ಬಿತ್ತು. ಸಡಿಲವಾಗಿದ್ದ ಪಟ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದಿದ್ದರು. "ಈ ತೂಕ ಯಾವಾಗ ತಗೊಂಡಿದ್ದು ರೀ?"

"ಮೊದಲ ಸಲ ಬಂದಾಗ... ಮೂರು ತಿಂಗಳಾಯ್ತು," ಎಂದ ಅಡಿಪಟ್ಟಿ.

"ಊರಿಂದೂರಿಗೆ ಅಳೆದ್ರಿ, ಪಕ್ಕದಲ್ಲಿರೋ ಅಕ್ಕನ್ನ ತೂಗ್ಲಿಲ್ಲ! ನಾನೂ ನೋಡ್ಲಿಲ್ಲ ಅನ್ನಿ. ಬೇಗ ಹತ್ತಿಸಿ, ನಿಮಿಷ ನಿಮಿಷಕ್ಕೂ ಕರಗ್ತಿದೆ. ಐವತ್ನಾಲ್ಕೂವರೆ ತನಕ ಸಾಲುತ್ತೆ. ಕಾಲು ಕೆಜಿ ಜಾಸ್ತಿ ಇದ್ರೂ ನಾನು ಸೂಜಿ ಹಾಕಲ್ಲ."

ಅಕ್ಕ ತೂಕದ ಯಂತ್ರ ಹತ್ತಿದಳು. ಅಕ್ಕ ಇನ್ನಷ್ಟು ಸೊರಗಿರಲಿ ಎಂದು ಹಾರೈಸಿದ ತಮ್ಮ ಲೋಕದಲ್ಲಿ ಇವನೊಬ್ಬನೇ ಇರಬೇಕು. ಮುಳ್ಳು ತೂಗಾಡಿ ಐವತ್ತೈದರ ಮೇಲೆ ನಿಂತಿತು.

ಅರ್ಧ ಕೆಜಿ ಜಾಸ್ತಿ.

"ಚಪ್ಪಲಿ!" ಅಡಿಪಟ್ಟಿ ಕಿರುಚಿದ. ನೆಲಕ್ಕೆ ಕುಳಿತು ತಾನೇ ಬಿಚ್ಚಿದ. ಅಕ್ಕನ ಹೆಗಲ ಮೇಲಿದ್ದ ದಪ್ಪ ಶಾಲನ್ನೂ ಎಳೆದುಕೊಂಡ.

ಮುಳ್ಳು ಐವತ್ನಾಲ್ಕೂ ಕಾಲಿಗೆ ಇಳಿಯಿತು.

"ಇಪ್ಪತ್ತು ವರ್ಷದಿಂದ ಇಳಿಸ್ಬೇಕು ಅಂತಿದ್ದೆ," ಎಂದಳು ಅಕ್ಕ. "ಕೊನೆಗೂ ಯಾರಿಗೋ ಖುಷಿಯಾಯ್ತಲ್ಲ."

ಹನ್ನೆರಡು ಹತ್ತಕ್ಕೆ ಸೂಜಿ ಹಾಕಿದರು. ಗಡ್ಡೆ ಬೇರೆಲ್ಲೂ ಹರಡಿರಲಿಲ್ಲ. ಮರುದಿನ ಬೆಳಗ್ಗೆ ಆಪರೇಶನ್ ಆಯಿತು.